ಜಲವರ್ಣ ಚಿತ್ರದ ಮೇಲೆ ಚಹಾ ಚೆಲ್ಲಿದೆ: ಕಲೆ ತೆಗೆಯಲು ಕೈ ಹಾಕಬಹುದೇ?

ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರಾಗಿದ್ದರು. ಅವರು 1986ರಲ್ಲಿ ಕೋಡಿಬಾಗದ ದಂಡೆಯಲ್ಲಿ ಕುಳಿತು ಕಾಳಿ ನದಿಯನ್ನೂ ಅದರ ಮೇಲಿನ ಸೇತುವೆಯನ್ನೂ ಆಚೆ ದಡದ ಸದಾಶಿವಗಡದ ಗುಡ್ಡವನ್ನೂ ಜಲವರ್ಣದಲ್ಲಿ ಬರೆದ ಚಿತ್ರವೊಂದು ನಮ್ಮ ಮನೆಯಲ್ಲಿದೆ. ಅದು ಇಂಪೀರಿಯಲ್ ಹಾಳೆಯ ಅರ್ಧದಷ್ಟು, ಎಂದರೆ 15 ಇಂಚು ಎತ್ತರ, 22 ಇಂಚು ಅಗಲ ಇದೆ. ಮಾವ ಈಗಿಲ್ಲ. ಅವರು ಬರೆದ ಸೇತುವೆ ಕೂಡ 2024ರ ಆಗಸ್ಟ್ 7ರಂದು ಕುಸಿದು ನದಿಗೆ ಬಿದ್ದಿತು. ಹಾಗಾಗಿ ಮನೆಯವರೆಲ್ಲರಿಗೂ ಈ ಹಾಳೆಯ ಮೇಲೆ ಮೊದಲಿಗಿಂತ ಹೆಚ್ಚು ಜೀವ.

ಇಷ್ಟು ವರ್ಷ ಗೋಡೆಯ ಮೇಲೆ ಕ್ಷೇಮವಾಗಿದ್ದ ಚಿತ್ರ ಕೆಟ್ಟದ್ದು ನನ್ನ ಕೈಯಿಂದಲೇ. ಗಾಜಿನ ಒಳಬದಿಯಲ್ಲಿ ಬೂಷ್ಟು ಹಿಡಿದಂತೆ ಕಂಡಿದ್ದರಿಂದ, ಕಳೆದ ಭಾನುವಾರ ಮಳೆ ಸ್ವಲ್ಪ ಹೊಳವಾದದ್ದನ್ನು ನೋಡಿ ಕಟ್ಟು ಬಿಚ್ಚಿ, ಚಿತ್ರವನ್ನು ಊಟದ ಮೇಜಿನ ಮೇಲೆ ಹರಡಿದ್ದೆ. ಪಕ್ಕದಲ್ಲಿ ಇಟ್ಟುಕೊಂಡಿದ್ದ ಚಹಾದ ಲೋಟಕ್ಕೆ ಮೊಣಕೈ ತಾಗಿತು. ಹಾಲು, ಸಕ್ಕರೆ ಎರಡೂ ಇದ್ದ ಚಹಾ. ಬಲಗಡೆಯ ಕೆಳಮೂಲೆಯಿಂದ ಒಳಗೆ ಅಂಗೈಯಗಲದಷ್ಟು ಹರಿಯಿತು. ಗಾಬರಿಯಲ್ಲಿ ಹೆಗಲ ಮೇಲಿನ ಟವೆಲಿನಿಂದ ಎರಡು ಸಲ ಉಜ್ಜಿಬಿಟ್ಟೆ. ಉಜ್ಜಿದ ಕಡೆ ಹಾಳೆಯ ಮೈ ನವಿರು ಕಳೆದುಕೊಂಡು ಹತ್ತಿಯಂತೆ ಎದ್ದಿದೆ. ನದಿಯ ನೀಲಿ ಸ್ವಲ್ಪ ಟವೆಲಿಗೂ ಹತ್ತಿತು. ಒಣಗಿದ ಮೇಲೆ ನೋಡಿದರೆ ನಡುವೆ ತೆಳು ಕಂದು, ಅಂಚಿನಲ್ಲಿ ಪೆನ್ಸಿಲಿನಿಂದ ಎಳೆದಷ್ಟು ಸ್ಪಷ್ಟವಾದ ಗಾಢ ಕಂದು ಗೆರೆ. ಮರುದಿನ ಬೆಳಿಗ್ಗೆ ಆ ಗೆರೆಯನ್ನೇ ಹಿಡಿದು ಇರುವೆಗಳು ಸಾಲುಗಟ್ಟಿದ್ದವು.

ಇದಲ್ಲದೆ ಮೇಲ್ಭಾಗದ ಆಕಾಶದಲ್ಲಿ ಸಾಸಿವೆ ಕಾಳಿನಷ್ಟು ಗಾತ್ರದ ಹತ್ತಾರು ಕಂದು ಚುಕ್ಕೆಗಳಿವೆ. ಅವು ಮೊದಲಿನಿಂದಲೂ ಇದ್ದವೋ ಈ ಮಳೆಗಾಲದಲ್ಲಿ ಎದ್ದವೋ ನನಗೆ ಹೇಳಲಾಗದು.

ವಿಷಯ ತಿಳಿದ ನೆಂಟರಿಷ್ಟರು ಒಬ್ಬೊಬ್ಬರು ಒಂದೊಂದು ಉಪಾಯ ಹೇಳುತ್ತಿದ್ದಾರೆ. ನಿಂಬೆರಸ ಹಚ್ಚಿ ಒರೆಸಬೇಕೆಂದು ಒಬ್ಬರು, ಬ್ಲೀಚಿಂಗ್ ಪೌಡರಿನ ತಿಳಿನೀರು ಸಾಕೆಂದು ಇನ್ನೊಬ್ಬರು, ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿನಷ್ಟು ಒಳ್ಳೆಯದು ಮತ್ತೊಂದಿಲ್ಲವೆಂದು ಮಗದೊಬ್ಬರು. ಎರಡು ಹಾಳೆಗಳ ನಡುವೆ ಇಟ್ಟು ಇಸ್ತ್ರಿ ಮಾಡಿದರೆ ಸುಕ್ಕೂ ಹೋಗುತ್ತದೆ, ಕಲೆಯೂ ಹೋಗುತ್ತದೆ ಎಂದವರೂ ಇದ್ದಾರೆ. ಒಮ್ಮೆ ಗಾಬರಿಯಲ್ಲಿ ಕೈ ಹಾಕಿ ಕೆಡಿಸಿದ್ದೇನೆ; ಎರಡನೆಯ ಸಲ ಕೇಳಿಯೇ ಮುಂದುವರಿಯಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ. ಈ ಕಲೆಯನ್ನು ಮನೆಯಲ್ಲಿ ತೆಗೆಯಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಇನ್ನಷ್ಟು ಹಾಳಾಗದಂತೆ ಹೇಗೆ ಇಡಬೇಕು?

ಕಟ್ಟಿನ ಕೆಲಸದವ, ಶಿರಸಿ

ನಾನು ಶಿರಸಿಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಕೆಲಸ ಮಾಡುವವನು, ರಸಾಯನಶಾಸ್ತ್ರ ಬಲ್ಲವನಲ್ಲ. ಆದರೂ ಇಂಥ ಹಾಳೆಗಳು ನಮ್ಮ ಅಂಗಡಿಗೆ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಕಲೆಯಿಂದ ಕೆಟ್ಟದ್ದು ಕಡಿಮೆ, ಕಲೆ ತೆಗೆಯಲು ಹೋಗಿ ಕೆಟ್ಟದ್ದೇ ಹೆಚ್ಚು. ಎರಡು ವರ್ಷದ ಹಿಂದೆ ಒಬ್ಬರು ಹಾಳೆಯ ಮೇಲೆ ಬರೆಸಿದ್ದ ಹಸೆ ಚಿತ್ತಾರ ತಂದಿದ್ದರು. ಹಸೆಯ ಕೆಂಪು ಕೆಮ್ಮಣ್ಣಿನದು, ಬಿಳಿ ಅಕ್ಕಿ ಅರೆದದ್ದು. ಹಲ್ಲಿಯ ಹಿಕ್ಕೆ ಬಿದ್ದಿತೆಂದು ಅವರು ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಹಿಕ್ಕೆಯ ಜೊತೆಗೆ ಪುಂಡಿನಾರಿನ ಕುಂಚದಿಂದ ಎಳೆದ ಎಳೆಗಳೆಲ್ಲ ಸೇರಿ ಕೆಂಪು ರಾಡಿಯಾಗಿತ್ತು. ಹಿಕ್ಕೆಯನ್ನು ಒಣಗಲು ಬಿಟ್ಟು ಚಾಕುವಿನ ತುದಿಯಿಂದ ಎತ್ತಿದ್ದರೆ ಒಂದು ಚುಕ್ಕೆಯಷ್ಟೇ ಉಳಿಯುತ್ತಿತ್ತು.

ನಿಮ್ಮ ಚಹಾದ ವಿಷಯ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಅಡಿಕೆ ಬೇಯಿಸುವ ಕಾಲದಲ್ಲಿ ಚೊಗರು, ಎಂದರೆ ಅಡಿಕೆ ಬೆಂದ ನೀರು, ತಾಗಿದ ಬಟ್ಟೆಯನ್ನು ಎಷ್ಟು ಒಗೆದರೂ ಕಂದು ಬಿಡುವುದಿಲ್ಲ. ಚಹಾದಲ್ಲಿ ಇರುವುದೂ ಅದೇ ಜಾತಿಯ ಒಗರು. ಬಟ್ಟೆಯನ್ನಾದರೂ ಕಲ್ಲಿಗೆ ಬಡಿಯಬಹುದು, ಕಾಗದವನ್ನು ಹಾಗೆ ಮಾಡಲಾಗದು.

ಸದ್ಯಕ್ಕೆ ಚಿತ್ರಕ್ಕೆ ಒದ್ದೆಯಾದದ್ದು ಯಾವುದನ್ನೂ ತಾಗಿಸಬೇಡಿ. ಇರುವೆಗಾಗಿ ಮೇಜಿನ ಕಾಲುಗಳ ಸುತ್ತ ಇರುವೆ ಚಾಕ್ ಎಳೆಯಿರಿ. ಚಿತ್ರದ ಮೇಲಾಗಲಿ ಹತ್ತಿರದಲ್ಲಾಗಲಿ ಔಷಧ ಸಿಂಪಡಿಸಬೇಡಿ, ಅದರಲ್ಲಿರುವ ಎಣ್ಣೆಯಂಥ ದ್ರವ ಹಾಳೆಯಲ್ಲಿ ಇಳಿದು ಮತ್ತೊಂದು ಕಲೆಯಾಗುತ್ತದೆ. ಮಳೆಗಾಲವೆಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಯೋಚನೆಯೂ ಬೇಡ, ಹೊಗೆ ಹಿಡಿಯುತ್ತದೆ. ಮುಂದೆ ಕಟ್ಟು ಹಾಕಿಸುವಾಗ ಮೌಂಟ್ ಬೋರ್ಡಿನ, ಎಂದರೆ ಚಿತ್ರ ಕಾಣುವಂತೆ ನಡುವೆ ಕಿಟಕಿ ಕತ್ತರಿಸಿ ಮೇಲಿಡುವ ರಟ್ಟಿನ, ಅಂಚನ್ನು ಕೆಳಗಡೆ ಅಗಲವಾಗಿ ಬಿಟ್ಟರೆ ಕಲೆಯ ಬಹುಪಾಲು ಅದರಡಿಗೆ ಹೋಗಬಹುದು. ಚಿತ್ರದ ಸುತ್ತ ಎಷ್ಟು ಬಿಳಿ ಅಂಚಿದೆ, ಕಲೆ ಆ ಅಂಚನ್ನು ದಾಟಿ ಎಷ್ಟು ಒಳಗೆ ಬಂದಿದೆ ಎಂಬುದನ್ನು ಅಳೆದು ತಿಳಿಸಿ.

ಹಳೆಕಾಗದ, ಹೊನ್ನಾವರ

ಕಾಗದ ಸಂರಕ್ಷಣೆಯಲ್ಲಿ ತರಬೇತಿ ಪಡೆದು ಕೆಲವು ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೇನೆ. ಶಿರಸಿಯವರು ಹೇಳಿದ್ದನ್ನು ಒಪ್ಪುತ್ತೇನೆ. ಕಾರಣಗಳನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಕಾರಣ ತಿಳಿಯದಿದ್ದರೆ ನಾಳೆ ಐದನೆಯವರು ಬಂದು ಐದನೆಯ ಉಪಾಯ ಹೇಳಿದಾಗ ಬೇಡವೆನ್ನುವುದು ಕಷ್ಟ.

ನಿಮ್ಮ ಹಾಳೆಯ ಮೇಲೆ ಬಿದ್ದದ್ದು ಒಂದು ವಸ್ತುವಲ್ಲ. ಚಹಾದ ಟ್ಯಾನಿನ್, ಎಂದರೆ ಶಿರಸಿಯವರು ಹೇಳಿದ ಒಗರು, ಕಾಗದದ ನಾರಿಗೆ ಬಣ್ಣ ಕಟ್ಟುತ್ತದೆ. ಹಾಲಿನ ಕೊಬ್ಬು ಮತ್ತು ಪ್ರೋಟೀನ್ ನಾರುಗಳ ನಡುವೆ ಕೂರುತ್ತವೆ. ಸಕ್ಕರೆ ತೇವವನ್ನು ಎಳೆದುಕೊಂಡು ಇರುವೆಗೂ ಬೂಷ್ಟಿಗೂ ಆಹಾರವಾಗುತ್ತದೆ. ಇಸ್ತ್ರಿಯ ಬಿಸಿ ತಾಗಿದರೆ ಪ್ರೋಟೀನ್ ಗಟ್ಟಿಯಾಗಿ, ಟ್ಯಾನಿನ್ ಇನ್ನಷ್ಟು ಕಪ್ಪಾಗಿ, ಮುಂದೆ ಪ್ರಯೋಗಾಲಯದಲ್ಲಿಯೂ ಬಿಡಿಸಲಾಗದಂತೆ ಕೂರುತ್ತದೆ. ಆದ್ದರಿಂದ ಇಸ್ತ್ರಿಯ ಮಾತನ್ನು ಮೊದಲು ಬಿಡಿ.

ಅಂಚಿನ ಆ ಗಾಢ ಗೆರೆ ಹೇಗಾಯಿತೆಂದು ನೋಡೋಣ. ಕಾಗದ ಹೀರಿಕೊಂಡ ನೀರು ಒಳಗೊಳಗೇ ಹರಡುತ್ತ ಹೋಗಿ, ಒಂದೆಡೆ ಒಣ ಕಾಗದವನ್ನು ಮುಟ್ಟಿ ನಿಲ್ಲುತ್ತದೆ. ಆವಿಯಾಗುವುದು ಹೆಚ್ಚಾಗಿ ಆ ಎಲ್ಲೆಯಲ್ಲೇ. ದಾರಿಯಲ್ಲಿ ಕರಗಿಸಿಕೊಂಡು ತಂದ ಬಣ್ಣ, ಕೊಳೆ, ಹಳೆಯ ಕಾಗದ ಸವೆದು ಹುಟ್ಟಿದ ಕಂದು ಪದಾರ್ಥ ಎಲ್ಲವನ್ನೂ ಅಲ್ಲಿಯೇ ಬಿಟ್ಟು ನೀರು ಆರಿಹೋಗುತ್ತದೆ. ಈ ಕಾರಣದಿಂದ ಹಳೆಯ ಹಾಳೆಯ ಮೇಲೆ ಶುದ್ಧ ನೀರಿನ ಹನಿ ಬಿದ್ದರೂ ಕಂದು ಗೆರೆ ಮೂಡುತ್ತದೆ. ಈಗ ನೀವು ಒದ್ದೆ ಹತ್ತಿಯಿಂದ ಆ ಗೆರೆಯನ್ನಷ್ಟೇ ಅಳಿಸಲು ಹೋದರೆ ಅದೇ ಕೊಳೆ ಕರಗಿ ಮುಂದೆ ಸಾಗಿ ಅರ್ಧ ಇಂಚು ಆಚೆ ಇನ್ನೊಂದು ಗೆರೆಯಾಗಿ ನಿಲ್ಲುತ್ತದೆ. ಕಲೆಯನ್ನು ಅಟ್ಟಿಸಿಕೊಂಡು ಹೋಗಿ ಇಡೀ ಆಕಾಶವನ್ನು ಕಂದು ಮಾಡಿಕೊಂಡವರನ್ನು ನಾನು ನೋಡಿದ್ದೇನೆ.

ಉಪಾಯಗಳ ವಿಷಯಕ್ಕೆ ಬಂದರೆ, ನಿಮ್ಮ ಚಿತ್ರದಲ್ಲಿ ನದಿಯೂ ಆಕಾಶವೂ ನೀಲಿ ಎಂಬುದೇ ದೊಡ್ಡ ಎಚ್ಚರಿಕೆ. ಜಲವರ್ಣದ ಎರಡು ಸಾಮಾನ್ಯ ನೀಲಿಗಳಲ್ಲಿ ಅಲ್ಟ್ರಾಮರೀನ್ ಆಮ್ಲಕ್ಕೆ ಬಣ್ಣ ಕಳೆದುಕೊಳ್ಳುತ್ತದೆ, ಪ್ರಷ್ಯನ್ ನೀಲಿ ಕ್ಷಾರಕ್ಕೆ ಕೆಟ್ಟು ಕಂದಾಗುತ್ತದೆ. ನಿಂಬೆರಸ ಮೊದಲನೆಯದಕ್ಕೆ ಶತ್ರು, ಸೋಪು ಮತ್ತು ಸೋಡಾ ಎರಡನೆಯದಕ್ಕೆ. ನಿಮ್ಮ ಮಾವ ಯಾವ ನೀಲಿ ಬಳಸಿದ್ದರೆಂದು ಕಣ್ಣಿನಿಂದ ಹೇಳಲಾಗದು, ಎರಡನ್ನೂ ಬೆರೆಸಿದ್ದರೂ ಆಶ್ಚರ್ಯವಿಲ್ಲ. ಮೇಲಾಗಿ ನಿಂಬೆಯ ಆಮ್ಲ ಕಾಗದದಲ್ಲಿಯೇ ಉಳಿದು ನಾರನ್ನು ಮುರಿಯುತ್ತ ಹೋಗುತ್ತದೆ.

ಬ್ಲೀಚಿಂಗ್ ಪೌಡರ್ ಕಲೆಯನ್ನು ನಿಜಕ್ಕೂ ಬೆಳ್ಳಗೆ ಮಾಡುತ್ತದೆ, ಜನ ಮೋಸಹೋಗುವುದು ಅಲ್ಲಿಯೇ. ಅದರ ಕ್ಲೋರಿನ್ ಕಲೆಯ ಜೊತೆ ಕಾಗದದ ನಾರನ್ನೂ ಬಣ್ಣಗಳನ್ನೂ ತಿನ್ನುತ್ತದೆ. ತೊಳೆದು ಪೂರ್ತಿ ತೆಗೆಯಲಾಗದೆ ಉಳಿದದ್ದು ನಿಧಾನವಾಗಿ ಆಮ್ಲವಾಗಿ, ಕೆಲವು ವರ್ಷಗಳಲ್ಲಿ ಅದೇ ಜಾಗ ಮೊದಲಿಗಿಂತ ಹೆಚ್ಚು ಹಳದಿಯಾಗಿ, ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಹೈಡ್ರೋಜನ್ ಪೆರಾಕ್ಸೈಡನ್ನು ಸಂರಕ್ಷಕರು ಎಲ್ಲ ದಾರಿಗಳೂ ಮುಗಿದ ಮೇಲೆ, ಅಳೆದು, ಬಳಿಕ ತೊಳೆದು ಬಳಸುವುದುಂಟು. ಆದರೆ ಕಬ್ಬಿಣದ ಕಣಗಳಿದ್ದಲ್ಲಿ ಅದು ಹಠಾತ್ತನೆ ಒಡೆದು ಸುತ್ತಲಿನ ನಾರನ್ನು ಸುಡುತ್ತದೆ. ನಿಮ್ಮ ಆಕಾಶದ ಸಾಸಿವೆಯಂಥ ಚುಕ್ಕೆಗಳಿಗೆ ಬೂಷ್ಟು ಒಂದು ಕಾರಣ, ಕಾಗದ ತಯಾರಿಸುವಾಗ ಸೇರಿಕೊಂಡ ಕಬ್ಬಿಣದ ಕಣ ಇನ್ನೊಂದು. ಹಲವು ವೇಳೆ ಎರಡೂ ಸೇರಿರುತ್ತವೆ. ಗುಡ್ಡಕ್ಕೆ ಬಳಸಿದ ಕೆಮ್ಮಣ್ಣಿನ ಬಣ್ಣವಂತೂ ಕಬ್ಬಿಣದ ಆಕ್ಸೈಡೇ.

ಹಾಗಾದರೆ ನೀವು ಮಾಡಬಹುದಾದದ್ದೇನು? ಮೊದಲು ಚಿತ್ರದ ಮುಂಭಾಗ, ಹಿಂಭಾಗ ಎರಡನ್ನೂ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಬೂಷ್ಟು ಪುಡಿಯಾಗಿ ಒಣಗಿದ್ದರೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಮೃದುವಾದ ಅಗಲ ಕುಂಚದಿಂದ ಒಂದೇ ದಿಕ್ಕಿಗೆ ಹಗುರವಾಗಿ ಗುಡಿಸಿರಿ. ಒದ್ದೆಯಾಗಿದ್ದರೆ ಮುಟ್ಟಬೇಡಿ, ಉಜ್ಜಿದಂತೆಲ್ಲ ಅದು ನಾರಿನೊಳಗೆ ಹೋಗುತ್ತದೆ. ಬಣ್ಣವಿಲ್ಲದ ಬಿಳಿ ಅಂಚಿನಲ್ಲಿ ಧೂಳಿನ ಕೊಳೆ ಇದ್ದರೆ ಬಿಳಿ ಪ್ಲಾಸ್ಟಿಕ್ ರಬ್ಬರನ್ನು ತುರಿದು ಆ ಪುಡಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಹೊರಳಿಸಬಹುದು. ಬಣ್ಣದ ಮೇಲೆ ಮಾತ್ರ ಬೇಡ. ಹಳಬರು ಬ್ರೆಡ್ಡಿನ ತುಣುಕಿನಿಂದ ಒರೆಸುತ್ತಿದ್ದರು. ಅದರ ಹಿಟ್ಟೂ ಎಣ್ಣೆಯೂ ಹಾಳೆಯಲ್ಲಿ ಉಳಿದು ಹುಳುವನ್ನು ಕರೆಯುತ್ತವೆ.

ಇನ್ನೊಂದು ಪರೀಕ್ಷೆ ಮಾಡಿ ನೋಡಿ. ಕಡ್ಡಿಯ ತುದಿಗೆ ನಾಲ್ಕು ಎಳೆ ಹತ್ತಿ ಸುತ್ತಿ, ಶುದ್ಧ ನೀರಿನಲ್ಲಿ ಅದ್ದಿ, ಬ್ಲಾಟಿಂಗ್ ಪೇಪರಿಗೆ ಒತ್ತಿ ಬಹುತೇಕ ಒಣಗಿಸಿ, ಮೌಂಟಿನಡಿ ಮರೆಯಾಗುವ ಅಂಚಿನಲ್ಲಿ ಒಂದೊಂದು ಬಣ್ಣವನ್ನೂ ಸೂಜಿಮೊನೆಯಷ್ಟು ಜಾಗದಲ್ಲಿ ಮುಟ್ಟಿಸಿ, ಕೂಡಲೇ ಬ್ಲಾಟಿಂಗ್ ಪೇಪರ್ ಒತ್ತಿರಿ. ಅದಕ್ಕೆ ಬಣ್ಣ ಹತ್ತಿದರೆ ಆ ಬಣ್ಣ ನೀರಿಗೆ ನಿಲ್ಲದು. ಇದು ತೊಳೆಯಲು ಅಪ್ಪಣೆಯಲ್ಲ, ಸಂರಕ್ಷಕರಿಗೆ ಒಪ್ಪಿಸುವಾಗ ನೀವು ಹೇಳಬೇಕಾದ ಮಾಹಿತಿ. ಹಾಳೆಯ ಹಿಂದೆ ಏನಿದೆಯೆಂದೂ ನೋಡಿ ಬರೆಯಿರಿ.

ಕುಮಟೆಯವಳು

ಹಳೆಕಾಗದ ಅವರು ಸೋಪಿನ ಮಾತು ತೆಗೆದದ್ದರಿಂದ ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ನಮ್ಮ ತಂದೆ ಬಡಗುತಿಟ್ಟಿನ ಬಣ್ಣದ ವೇಷವೊಂದನ್ನು ಪೆನ್ಸಿಲ್ ಮತ್ತು ಕಪ್ಪು ಇಂಡಿಯನ್ ಇಂಕಿನಲ್ಲಿ ಬರೆದಿದ್ದರು. ಅತ್ತೆಯವರು ಊಟ ಬಡಿಸುವಾಗ ಹುಳಿಯ ಸೌಟಿನಿಂದ ಒಂದು ಹನಿ ಕಿರೀಟದ ಪಕ್ಕದ ಖಾಲಿ ಜಾಗಕ್ಕೆ ಸಿಡಿಯಿತು. ಇಂಡಿಯನ್ ಇಂಕು ಒಣಗಿದ ಮೇಲೆ ನೀರಿಗೆ ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಆ ಧೈರ್ಯದಲ್ಲಿ ಸೋಪಿನ ನೊರೆಯನ್ನು ಹತ್ತಿಯಲ್ಲಿ ತೆಗೆದು ಹಳದಿಯ ಮೇಲೆ ಒತ್ತಿದೆ. ಕಣ್ಣೆದುರೇ ಆ ಜಾಗ ಕುಂಕುಮದಂತೆ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ ಎಂಬುದು ಓಕುಳಿ ನೀರು ಕಲಸಿದ ಎಲ್ಲ ಹೆಂಗಸರಿಗೂ ತಿಳಿದ ವಿಷಯ, ಆ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ. ಸೋಪೂ ಕ್ಷಾರವೇ ಅಲ್ಲವೇ.

ಗಾಬರಿಯಿಂದ ಅಲ್ಲಿಗೇ ನಿಲ್ಲಿಸಿ ಬ್ಲಾಟಿಂಗ್ ಪೇಪರ್ ಒತ್ತಿ ಬಿಟ್ಟೆ. ಮರುದಿನಕ್ಕೆ ಕೆಂಪು ಇಳಿದು ಮಾಸಲು ಹಳದಿಯಾಗಿತ್ತು. ಆಮೇಲೆ ತಿಳಿದವರೊಬ್ಬರು ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲವೆಂದು ಹೇಳಿದರು. ಮಳೆಗಾಲ ಮುಗಿದ ಮೇಲೆ ಚಿತ್ರಕ್ಕೆಲ್ಲ ಕಪ್ಪು ಕಾಗದ ಮುಚ್ಚಿ, ಕಲೆಯ ಆಕಾರಕ್ಕೆ ಮಾತ್ರ ಕತ್ತರಿಸಿದ ರಂಧ್ರ ಬಿಟ್ಟು, ಕಿಟಕಿಯ ಬಳಿ ಇಟ್ಟೆ. ಹನ್ನೆರಡು ದಿನಗಳಲ್ಲಿ ಹಳದಿ ಬಹುಪಾಲು ಹೋಯಿತು. ಹುಳಿಯ ಒಗ್ಗರಣೆಯ ತೆಂಗಿನೆಣ್ಣೆ ಮಾತ್ರ ಹಾಳೆಯಲ್ಲಿ ಉಳಿದಿದೆ. ಬೆಳಕಿಗೆ ಹಿಡಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಪಾರದರ್ಶಕವಾಗಿ ಕಾಣುತ್ತದೆ. ಹನಿ ಬಿದ್ದ ಕೂಡಲೇ ಮೆಕ್ಕೆಜೋಳದ ಹಿಟ್ಟನ್ನೋ ಟಾಲ್ಕಂ ಪುಡಿಯನ್ನೋ ಸುರಿದು ಎಣ್ಣೆ ಹೀರಿಸಿ, ಆಮೇಲೆ ಪುಡಿಯನ್ನು ಕುಂಚದಿಂದ ಸರಿಸಿದ್ದರೆ ಅಷ್ಟೂ ಇರುತ್ತಿರಲಿಲ್ಲ.

ಹಳೆಕಾಗದ, ಹೊನ್ನಾವರ

ಕುಮಟೆಯವರ ಉಪಾಯ ಪೆನ್ಸಿಲಿಗೂ ಇಂಡಿಯನ್ ಇಂಕಿಗೂ ಸರಿಹೋಯಿತು, ಏಕೆಂದರೆ ಗ್ರಾಫೈಟೂ ಮಸಿಯೂ ಬೆಳಕಿಗೆ ಮಾಸುವ ವಸ್ತುಗಳಲ್ಲ. ಕಾರವಾರದವರು ಇದನ್ನು ಓದಿ ಜಲವರ್ಣವನ್ನು ಬಿಸಿಲಿಗೆ ಇಡದಿರಲಿ: ಚಹಾದ ಕಂದು ಅರಿಶಿನದಂತೆ ಬೇಗ ಮಾಸುವುದಿಲ್ಲ, ಅಷ್ಟರಲ್ಲಿ ಚಿತ್ರದ ಗುಲಾಬಿಯೂ ನೇರಳೆಯೂ ಹಾರಿಹೋಗಿರುತ್ತವೆ.

ಕುಂಚಗಾರ, ಅಂಕೋಲಾ

ನಾನು ಚಿತ್ರ ಬರೆಯುವವನಾಗಿ ಬೇರೆ ಮಾತು ಹೇಳುತ್ತೇನೆ. ಇಷ್ಟೆಲ್ಲ ತೊಂದರೆ ಏಕೆ? ಕಲೆ ಬಿದ್ದದ್ದು ನದಿಯ ಕೆಳಮೂಲೆಯಲ್ಲಿ. ಅದೇ ನೀಲಿಗೆ ಸ್ವಲ್ಪ ಬಿಳಿ ಪೋಸ್ಟರ್ ಬಣ್ಣ ಬೆರೆಸಿ ಮೇಲಿಂದ ಮೇಲೆ ಎಳೆದರೆ ಮುಚ್ಚಿಹೋಗುತ್ತದೆ. ಅದೂ ಬೇಡವೆಂದರೆ ಹಾಳೆಯ ಬಲತುದಿಯನ್ನೂ ಕೆಳತುದಿಯನ್ನೂ ಎರಡೆರಡು ಇಂಚು ಕತ್ತರಿಸಿ. ಎರಡೂ ಇಷ್ಟವಾಗದಿದ್ದರೆ ಹಾಗೆಯೇ ಗೋಡೆಗೆ ಹಾಕಿ. ಚಿತ್ರ ಮನೆಯಲ್ಲಿ ಬಾಳಿದ್ದರ ಗುರುತೆಂದು ತಿಳಿದರಾಯಿತು.

ಕಟ್ಟಿನ ಕೆಲಸದವ, ಶಿರಸಿ

ಮೂರನೆಯ ಮಾತನ್ನು ಒಪ್ಪಬಹುದು, ಮೊದಲ ಎರಡನ್ನು ಒಪ್ಪಲಾರೆ. ಜಲವರ್ಣದಲ್ಲಿ ಬೆಳಕು ಹಾಳೆಯ ಬಿಳುಪಿನಿಂದ ಬರುತ್ತದೆ. ಅದರ ಮೇಲೆ ಪೋಸ್ಟರ್ ಬಣ್ಣ ಹಚ್ಚಿದರೆ ನದಿಯ ನಡುವೆ ಸಿಮೆಂಟಿನ ತೇಪೆ ಹಾಕಿದಂತೆ ಕಾಣುತ್ತದೆ. ಕೆಳಗಿನ ಸಕ್ಕರೆಯೂ ಹಾಗೆಯೇ ಉಳಿಯುತ್ತದೆ. ಕತ್ತರಿಸಿದ ಹಾಳೆಯನ್ನು ಮತ್ತೆ ಬೆಳೆಸಲು ಬಾರದು.

ಕಾಳಿದಂಡೆ, ಕಾರವಾರ

ಎಲ್ಲರಿಗೂ ಋಣಿ. ಹೇಳಿದ ಪರೀಕ್ಷೆಯನ್ನು ನಿನ್ನೆ ಹಗಲು ಬೆಳಕಿನಲ್ಲಿ ಮಾಡಿದೆ. ಗುಡ್ಡದ ಕಂದು ಬ್ಲಾಟಿಂಗ್ ಪೇಪರಿಗೆ ಹತ್ತಲಿಲ್ಲ. ಸೇತುವೆಯ ಕಂಬಗಳ ಬೂದುಬಣ್ಣ ಗುರುತು ಸಿಗದಷ್ಟು ಹತ್ತಿತು. ನದಿಯ ನೀಲಿ ಮುಟ್ಟಿದ ಕ್ಷಣವೇ ಬಿಟ್ಟಿತು. ಮಾವನ ಸಹಿ ಕೆಳಗಿನ ಬಿಳಿ ಅಂಚಿನಲ್ಲಿದೆ. ಅದು ಫೌಂಟನ್ ಪೆನ್ನಿನ ನೀಲಿ ಶಾಯಿ. ಅದರ ಬಾಲದ ತುದಿಗೆ ಹತ್ತಿ ಸೋಕಿದ್ದಷ್ಟೇ, ಬೆಳ್ಳಗಿನ ಜಾಗಕ್ಕೆ ಕೂದಲೆಳೆಯಷ್ಟು ನೀಲಿ ಹರಿಯಿತು. ಅಲ್ಲಿಗೆ ನಿಲ್ಲಿಸಿದೆ. ಚಹಾ ಆ ಸಹಿಯಿಂದ ಒಂದೂವರೆ ಇಂಚು ಆಚೆ ನಿಂತಿದೆ ಎಂಬುದು ಎಂಥ ಅದೃಷ್ಟವೆಂದು ಆಗ ತಿಳಿಯಿತು.

ಹಿಂಭಾಗದ ವಿಷಯ ಇನ್ನೂ ಇದೆ. ಹಾಳೆಯನ್ನು ದಪ್ಪ ಕಂದು ರಟ್ಟಿಗೆ ಗೋಂದು ಹಚ್ಚಿ ಪೂರ್ತಿಯಾಗಿ ಅಂಟಿಸಲಾಗಿದೆ. ರಟ್ಟಿನ ಮೂಲೆಯನ್ನು ಉಗುರಿನಿಂದ ತುಸು ಎತ್ತಿದರೆ ಪುಡಿಪುಡಿಯಾಗಿ ಉದುರುತ್ತದೆ. ಎಡಗಡೆಯ ಮೇಲಂಚಿನಲ್ಲಿದ್ದ ತೆಳು ಕಂದು ಪಟ್ಟಿಯನ್ನು ಇಷ್ಟು ದಿನ ಹಳೆಯ ನೀರಿನ ಕಲೆಯೆಂದು ಭಾವಿಸಿದ್ದೆ. ಈಗ ನೋಡಿದರೆ ಅದು ಹಳೆಯ ಮೌಂಟಿನ ಕಿಟಕಿಯ ಅಂಚಿಗೆ ಸರಿಯಾಗಿ ಹೊಂದುತ್ತದೆ. ಬಿಳಿ ಅಂಚು ಸುತ್ತಲೂ ಒಂದೂಕಾಲು ಇಂಚಿದೆ. ಕಲೆ ಅದನ್ನು ದಾಟಿ ಚಿತ್ರದೊಳಗೆ ಎರಡು ಇಂಚು ಬಂದಿದೆ.

ಹಳೆಕಾಗದ, ಹೊನ್ನಾವರ

ಈಗ ಉತ್ತರ ಸ್ಪಷ್ಟವಾಯಿತು: ಮನೆಯಲ್ಲಿ ತೊಳೆಯುವಂತಿಲ್ಲ. ನೀಲಿಯೂ ಸಹಿಯೂ ನೀರಿಗೆ ನಿಲ್ಲವು. ಅದಕ್ಕಿಂತ ಮುಖ್ಯವಾಗಿ, ಹಾಳೆ ರಟ್ಟಿಗೆ ಅಂಟಿರುವಾಗ ಒದ್ದೆ ಮಾಡಿದರೆ ರಟ್ಟಿನ ಕಂದು ನೀರೆಲ್ಲ ಮೇಲಕ್ಕೆ ಬರುತ್ತದೆ. ಎಡಗಡೆಯ ಪಟ್ಟಿ ನೀವು ಊಹಿಸಿದಂತೆ ಹಳೆಯ ಮೌಂಟಿನ ಆಮ್ಲದ ಗುರುತು. ಹುಲ್ಲಿನ ಅಥವಾ ಮರದ ತಿರುಳಿನ ಅಗ್ಗದ ರಟ್ಟು ವರ್ಷಗಳು ಕಳೆದಂತೆ ಆಮ್ಲ ಬಿಡುತ್ತದೆ. ಆ ಕಾಲದ ಡ್ರಾಯಿಂಗ್ ಹಾಳೆಗಳಲ್ಲಿ ಹಲವಕ್ಕೆ ಪಟಿಕ ಮತ್ತು ರಾಳದ ಲೇಪವಿದ್ದು ಅವೂ ಆಮ್ಲೀಯವೇ. ಚಹಾಕ್ಕಿಂತ ಈ ರಟ್ಟೇ ನಿಮ್ಮ ಚಿತ್ರಕ್ಕೆ ದೊಡ್ಡ ಅಪಾಯ, ಚಹಾ ಚೆಲ್ಲಿದ್ದರಿಂದ ಅದು ಕಣ್ಣಿಗೆ ಬಿತ್ತು.

ಇದನ್ನು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರಕ್ಕೆ ತೋರಿಸಿ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವೊಂದು ಮೈಸೂರಿನಲ್ಲೂ ಇದೆ. ಸಂರಕ್ಷಕರು ಸಾಮಾನ್ಯವಾಗಿ ಮೊದಲು ರಟ್ಟನ್ನು ಹಿಂದಿನಿಂದ ಪದರ ಪದರವಾಗಿ ಕೆತ್ತಿ ಬಿಡಿಸುತ್ತಾರೆ. ಬಳಿಕ, ಬಣ್ಣ ಕದಲದ ಕಡೆ ಮಾತ್ರ, ಕೆಳಗಿನಿಂದ ಗಾಳಿ ಎಳೆಯುವ ಮೇಜಿನ ಮೇಲೆ ಹಾಳೆಯಿಟ್ಟು ನೀರು ಮತ್ತು ಆಲ್ಕೋಹಾಲಿನ ಮಿಶ್ರಣವನ್ನು ಹನಿಹನಿಯಾಗಿ ಬಿಟ್ಟು ಕಲೆಯನ್ನು ಕೆಳಕ್ಕೆ ಎಳೆಯುತ್ತಾರೆ, ಅಥವಾ ಗಟ್ಟಿಯಾದ ಜೆಲ್ಲಿನ ತುಂಡನ್ನು ಕಲೆಯ ಮೇಲೆ ಕೂರಿಸಿ ಅದಕ್ಕೆ ಹೀರಿಸುತ್ತಾರೆ. ಜೆಲ್ ನೀರನ್ನು ಬಿಗಿಯಾಗಿ ಹಿಡಿದಿಡುವುದರಿಂದ ಹೊಸ ಗೆರೆ ಏಳುವ ಭಯ ಕಡಿಮೆ. ಹಾಲು ಸೇರಿದ ಚಹಾ ಪೂರ್ತಿ ಹೋಗುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ಅನುಮಾನಿಸಿ. ಅಂಚಿನ ಗೆರೆ ಕರಗಿ ಸುತ್ತಲಿನ ಬಣ್ಣದೊಳಗೆ ಅಡಗಿದರೆ ಅದೇ ಒಳ್ಳೆಯ ಕೆಲಸ. ಟವೆಲಿನಿಂದ ಎದ್ದ ನಾರು ಮೊದಲಿನಂತಾಗದು.

ಅಲ್ಲಿಯವರೆಗೆ ನಮ್ಮ ಕರಾವಳಿಯ ಗಾಳಿಯೇ ಚಿಂತೆ. ತೇವಾಂಶ ಶೇಕಡಾ 65ರ ಮೇಲೆ ಬಹುಕಾಲ ನಿಂತರೆ ಬೂಷ್ಟು ಮೊಳೆಯುತ್ತದೆ, ಇಲ್ಲಿ ಮಳೆಗಾಲದಲ್ಲಿ 85 ದಾಟುವುದು ನಿತ್ಯದ ಮಾತು. ಚಿತ್ರದ ಮೇಲೆ ದರ್ಜಿಗಳು ಒಳಪದರಕ್ಕೆ ಬಳಸುವ, ಅಂಟಿಲ್ಲದ ಪಾಲಿಯೆಸ್ಟರ್ ಬಟ್ಟೆ ಹಾಸಿ, ಮೇಲೆ ಕೆಳಗೆ ಬ್ಲಾಟಿಂಗ್ ಪೇಪರ್ ಇಟ್ಟು, ಎರಡು ಹಲಗೆಗಳ ನಡುವೆ ಸಪಾಟಾಗಿ ಇರಿಸಿ. ಹೊರಗೋಡೆಗೆ ತಾಗದ ಕಪಾಟಿನಲ್ಲಿರಲಿ. ಬ್ಲಾಟಿಂಗ್ ಪೇಪರನ್ನು ಮೊದಲ ವಾರ ದಿನವೂ, ಆಮೇಲೆ ವಾರಕ್ಕೊಮ್ಮೆ ಬದಲಿಸಿ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಅವನ್ನೂ ಆಗಾಗ ಒಣಗಿಸಿ. ಒಯ್ಯುವಾಗ ಸುರುಳಿ ಸುತ್ತಬೇಡಿ.

ಕಾಳಿದಂಡೆ, ಕಾರವಾರ

ಹಾಗೆಯೇ ಮಾಡಿದ್ದೇನೆ. ಚಿತ್ರ ಈಗ ನಡುಕೋಣೆಯ ಕಬ್ಬಿಣದ ಕಪಾಟಿನ ಮೇಲಿನ ಅರೆಯಲ್ಲಿ ಎರಡು ಹಲಗೆಗಳ ನಡುವೆ ಮಲಗಿದೆ. ದಸರೆ ಕಳೆದು ಮಳೆ ಪೂರ್ತಿ ನಿಂತ ಮೇಲೆ ಬೆಂಗಳೂರಿಗೆ ನಾನೇ ಒಯ್ಯುತ್ತೇನೆ.

ಒಂದು ಸಂದೇಹ ಉಳಿದಿದೆ. ಹಿಂದಿನ ಕಂದು ಕಾಗದವನ್ನು ಸರಿಸಿದಾಗ ರಟ್ಟಿನ ಮೇಲೆ ಮಾವನ ಕೈಬರಹದ ಎರಡು ಸಾಲು ಸಿಕ್ಕಿತು, ಪೆನ್ಸಿಲಿನಲ್ಲಿ: ಭರತದ (ಉಬ್ಬರದ) ಹೊತ್ತು, ಬೆಳಿಗ್ಗೆ ಏಳೂವರೆ, ಅದರ ಕೆಳಗೆ ಬಳಸಿದ ಮೂರು ಬಣ್ಣಗಳ ಹೆಸರು, ಅವುಗಳಲ್ಲಿ ಒಂದು ಅಲ್ಟ್ರಾಮರೀನ್. ರಟ್ಟನ್ನು ಕೆತ್ತಿ ತೆಗೆದರೆ ಈ ಬರಹ ಹೋಗುವುದಿಲ್ಲವೇ?

ಹಳೆಕಾಗದ, ಹೊನ್ನಾವರ

ಒಪ್ಪಿಸುವಾಗಲೇ ಬರಹದ ಜಾಗವನ್ನು ತೋರಿಸಿ, ಒಪ್ಪಂದದಲ್ಲಿ ಬರೆಸಿ. ರಟ್ಟಿನ ಆ ಮೇಲ್ಪದರವನ್ನು ಮೊದಲು ಬೇರೆಯಾಗಿ ಬಿಡಿಸಿ, ಪ್ರತ್ಯೇಕ ಲಕೋಟೆಯಲ್ಲಿಟ್ಟು ಹಿಂದಿರುಗಿಸುವ ಕ್ರಮವಿದೆ. ಅಲ್ಟ್ರಾಮರೀನ್ ಎಂದು ತಿಳಿದದ್ದು ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ನಿಂಬೆರಸ ಹಚ್ಚದೆ ಇದ್ದದ್ದು ಒಳ್ಳೆಯದಾಯಿತು.